ಕೊನೆಗೆ ತಿರುಗಿಸಬೇಕಾದ ಸ್ಕ್ರೂ

ಹಳೆಯ ಮೋಟಾರ್ ಸೈಕಲ್ ಐಡ್ಲಿಂಗ್‌ನಲ್ಲಿ ನಿಲ್ಲದೆ ಆಫ್ ಆಗುತ್ತಿದ್ದರೆ, ಥ್ರಾಟಲ್ ತಿರುವಿದಾಗ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತಿದ್ದರೆ, ಎಲ್ಲರ ಸ್ಕ್ರೂಡ್ರೈವರ್ ಮೊದಲು ಹೋಗುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಪಕ್ಕದ ಸಣ್ಣ ಹಿತ್ತಾಳೆ ಸ್ಕ್ರೂ, ಅಂದರೆ ಮಿಕ್ಸ್ಚರ್ ಸ್ಕ್ರೂ ಕಡೆಗೆ. ಏನನ್ನೂ ಬಿಚ್ಚದೆ ತಿರುಗಿಸಬಹುದಾದ್ದರಿಂದ ಕೈ ಅಲ್ಲಿಗೆ ಹೋಗುವುದು ಸಹಜ. ಆದರೆ ಆ ಸ್ಕ್ರೂವಿನ ಅಧಿಕಾರ ನಡೆಯುವುದು ಥ್ರಾಟಲ್ ಮುಚ್ಚಿರುವಾಗ ಮತ್ತು ಅದು ಎಂಟನೇ ಒಂದು ಭಾಗ ತೆರೆಯುವವರೆಗೆ ಮಾತ್ರ. ಅದರಾಚೆಗಿನ ತೊಂದರೆಯನ್ನು ಅದರಿಂದ ಸರಿಪಡಿಸಲು ಆಗುವುದಿಲ್ಲ. ಬೇರೆಲ್ಲೋ ಇರುವ ತೊಂದರೆಯನ್ನು ಅದರಿಂದ ಮರೆಮಾಚಲು ಮಾತ್ರ ಆಗುತ್ತದೆ. ಹಾಗಾಗಿ ಟ್ಯೂನಿಂಗ್ ಕೆಲಸದಲ್ಲಿ ಅದನ್ನು ಮುಟ್ಟುವ ಸರದಿ ಬರುವುದು ಎಲ್ಲ ಮುಗಿದ ಮೇಲೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಗಾಡಿ ಕಾರ್ಖಾನೆಯಿಂದ ಹೊರಬಂದ ದಿನ ಅದರ ಜೆಟ್‌ಗಳು (ಪೆಟ್ರೋಲನ್ನು ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡುಗಳು) ಆ ಎಂಜಿನ್‌ಗೆ ಸರಿಯಾಗಿಯೇ ಇದ್ದವು. ಆಮೇಲೆ ಬದಲಾದದ್ದು ಬೇರೆ: ನೀಡಲ್ ಸವೆದಿದೆ, ರಬ್ಬರ್ ಗಟ್ಟಿಯಾಗಿದೆ, ಸಣ್ಣ ತೂತುಗಳಲ್ಲಿ ಪೆಟ್ರೋಲಿನ ಅಂಟು ಕೂತಿದೆ, ನಡುವೆ ಯಾರೋ ಸೈಲೆನ್ಸರ್ ಅಥವಾ ಏರ್ ಫಿಲ್ಟರ್ ಬದಲಿಸಿದ್ದಾರೆ, ಅಥವಾ ನಂಬರ್ ನೋಡದೆ ಬೇರೆ ಜೆಟ್ ಹಾಕಿದ್ದಾರೆ. ಆದ್ದರಿಂದ ಮೊದಲ ಗುರಿ ಎಲ್ಲವನ್ನೂ ಮೂಲಸ್ಥಿತಿಗೆ ತರುವುದು. ನಿಜವಾದ ಟ್ಯೂನಿಂಗ್ ಶುರುವಾಗುವುದು ಅಲ್ಲಿಂದ, ಮತ್ತು ಎಷ್ಟೋ ಸಲ ಅಲ್ಲಿಗೆ ತಲುಪಿದಾಗ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವುದು ಇನ್ನೂ ಸ್ವಲ್ಪ ಪೆಟ್ರೋಲ್ ಜಾಸ್ತಿ ಇದ್ದಾಗ, ಅಂದರೆ 12.5ರಿಂದ 13ರ ಆಸುಪಾಸಿನಲ್ಲಿ. ಪೆಟ್ರೋಲ್ ಹೆಚ್ಚಾದರೆ ರಿಚ್, ಕಡಿಮೆಯಾದರೆ ಲೀನ್. ಕಾರ್ಬ್ಯುರೇಟರ್ ಈ ಅಳತೆಯನ್ನು ಒತ್ತಡದ ವ್ಯತ್ಯಾಸವೊಂದರಿಂದಲೇ ಸಾಧಿಸುತ್ತದೆ. ಕಿರಿದಾದ ಗಂಟಲಲ್ಲಿ ಗಾಳಿ ವೇಗವಾಗಿ ಹರಿದಾಗ ಅಲ್ಲಿನ ಒತ್ತಡ ಇಳಿಯುತ್ತದೆ, ಕೆಳಗಿನ ಬಟ್ಟಲಿನಲ್ಲಿ (ಬೌಲ್) ಇರುವ ಪೆಟ್ರೋಲನ್ನು ಹೊರಗಿನ ವಾತಾವರಣದ ಒತ್ತಡ ಜೆಟ್‌ಗಳ ಮೂಲಕ ಮೇಲಕ್ಕೆ ತಳ್ಳುತ್ತದೆ. ಥ್ರಾಟಲ್ ಮುಚ್ಚಿರುವಾಗಿನಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್, ಎಂಟನೇ ಒಂದರಿಂದ ಕಾಲು ಭಾಗದ ನಡುವೆ ಗಂಟಲಲ್ಲಿ ಮೇಲೆ ಕೆಳಗೆ ಸರಿಯುವ ಸ್ಲೈಡ್‌ನ ಕೆಳಅಂಚಿನ ಕಟ್‌ಅವೇ (ಓರೆಯಾಗಿ ಕತ್ತರಿಸಿದ ಭಾಗ), ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡ್‌ನಿಂದ ಇಳಿಬಿದ್ದ ಮೊನಚು ನೀಡಲ್ ಮತ್ತು ಅದು ಆಡುವ ನೀಡಲ್ ಜೆಟ್, ಅಲ್ಲಿಂದ ಪೂರ್ತಿ ತೆರೆಯುವವರೆಗೆ ಮೇನ್ ಜೆಟ್, ಹೀಗೆ ಯಜಮಾನಿಕೆ ಕೈಯಿಂದ ಕೈಗೆ ಹೋಗುತ್ತದೆ. ಗಡಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ.

ಇಲ್ಲಿ ಗಮನಿಸಬೇಕಾದದ್ದು ಥ್ರಾಟಲ್ ಎಷ್ಟು ತೆರೆದಿದೆ ಎಂಬುದು. ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡುತ್ತಿದೆ ಎಂಬುದು ಇದಕ್ಕೆ ಮುಖ್ಯವಲ್ಲ. 'ಅರವತ್ತರಲ್ಲಿ ಮುಗ್ಗರಿಸುತ್ತದೆ' ಎಂಬ ದೂರಿನಿಂದ ಯಾವ ಭಾಗ ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ, ಏಕೆಂದರೆ ಅದೇ ವೇಗವನ್ನು ಇಳಿಜಾರಿನಲ್ಲಿ ಎಂಟನೇ ಒಂದು ಥ್ರಾಟಲ್‌ನಲ್ಲೂ ಏರಿನಲ್ಲಿ ಮುಕ್ಕಾಲು ಥ್ರಾಟಲ್‌ನಲ್ಲೂ ತಲುಪಬಹುದು. ಥ್ರಾಟಲ್ ಹಿಡಿಕೆಗೂ ಅದರ ಪಕ್ಕದ ಸ್ವಿಚ್ ಹೌಸಿಂಗ್‌ಗೂ ಬಿಳಿ ಟೇಪ್ ಅಂಟಿಸಿ, ಮುಚ್ಚಿದ ಸ್ಥಿತಿ, ಎಂಟನೇ ಒಂದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಎಳೆದುಕೊಳ್ಳಬೇಕು. ತೊಂದರೆ ಯಾವ ಗೆರೆಯ ಬಳಿ ಬರುತ್ತದೆ ಎಂದು ತಿಳಿದರೆ ಅರ್ಧ ಪತ್ತೆದಾರಿ ಮುಗಿದಂತೆಯೇ. ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಉಪಯೋಗಕ್ಕೆ ಬರುವ ಉಪಕರಣ ಈ ಟೇಪ್ ಎಂದು ನಾನು ನಂಬುತ್ತೇನೆ.

ಕಾರ್ಬ್ಯುರೇಟರ್‌ಗೆ ಕೈ ಹಾಕುವ ಮುನ್ನ ಎಂಜಿನ್ ಸರಿಯಿರಬೇಕು. ತಣ್ಣಗಿರುವಾಗ ವಾಲ್ವ್ ಕ್ಲಿಯರೆನ್ಸ್ (ಟ್ಯಾಪೆಟ್ ಸಂದು) ಮ್ಯಾನುಯಲ್‌ನಲ್ಲಿ ಹೇಳಿದಷ್ಟಕ್ಕೆ ತರಬೇಕು. ಟ್ಯಾಪೆಟ್ ಬಿಗಿಯಾಗಿದ್ದರೆ ಐಡ್ಲಿಂಗ್ ಯಾವ ಸ್ಕ್ರೂವಿನಿಂದಲೂ ನಿಲ್ಲುವುದಿಲ್ಲ. ಪಾಯಿಂಟ್ಸ್ (ಕಿಡಿ ಹಾರಿಸುವ ಹಳೆಯ ಬಗೆಯ ಸ್ವಿಚ್) ಇರುವ ಗಾಡಿಯಾದರೆ ಗ್ಯಾಪ್ ಮೊದಲು, ಕಿಡಿಯ ಟೈಮಿಂಗ್ ಆಮೇಲೆ, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗ್ ತಾನೇ ಜರುಗುತ್ತದೆ. ಕಿಡಿ ದುರ್ಬಲವಾಗಿದ್ದರೆ ಪ್ಲಗ್ ಕಪ್ಪಾಗುತ್ತದೆ, ಅದನ್ನು ಕಂಡವರು ಮಿಶ್ರಣ ರಿಚ್ ಎಂದು ತಿಳಿದು ಜೆಟ್ ಚಿಕ್ಕದು ಮಾಡುತ್ತಾರೆ. ಏರ್ ಫಿಲ್ಟರ್ ಸ್ವಚ್ಛವಾಗಿರಬೇಕು, ಅದರ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಬೇಕು. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಗಾಡಿ ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ಪೆಟ್ರೋಲ್ ಸಾಲದೆ ನಿಲ್ಲುತ್ತದೆ, ಮುಚ್ಚಳ ತೆಗೆದರೆ ಗಾಳಿ ಒಳಗೆ ನುಗ್ಗುವ ಸದ್ದು ಕೇಳಿ ಮತ್ತೆ ಸ್ಟಾರ್ಟ್ ಆಗುತ್ತದೆ. ಇದನ್ನು ಕಾರ್ಬ್ಯುರೇಟರ್ ದೋಷವೆಂದುಕೊಂಡು ಬಿಚ್ಚುವುದು ವ್ಯರ್ಥ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಗಾಳಿ ಸೋರಿಕೆ. ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ಹೆಡ್ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ವರ್ಷಗಳ ಬಿಸಿಗೆ ಬಿರುಕು ಬಿಡುತ್ತದೆ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಂಡು, ಬಿಚ್ಚಿ ಕೈಯಲ್ಲಿ ಬಾಗಿಸಿದಾಗ ಮಾತ್ರ ಸೀಳು ಬಾಯಿ ತೆರೆಯುತ್ತದೆ. ಅಲ್ಲಿಂದ ನುಗ್ಗುವ ಗಾಳಿಯ ಲೆಕ್ಕ ಯಾವ ಜೆಟ್‌ಗೂ ಸಿಗುವುದಿಲ್ಲ. ಲಕ್ಷಣ ಸ್ಪಷ್ಟ: ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಮೇಲೆಯೇ ನೇತಾಡಿ ನಿಧಾನವಾಗಿ ಇಳಿಯುತ್ತದೆ, ಐಡ್ಲಿಂಗ್ ಒಂದೊಂದು ಹೊತ್ತಿಗೆ ಒಂದೊಂದು ಥರ. ಎಂಜಿನ್ ಓಡುತ್ತಿರುವಾಗ ಸಣ್ಣ ಸ್ಪ್ರೇಯಿಂದ ನೀರನ್ನು ಜೋಡಣೆಗಳ ಮೇಲೆ ಸಿಂಪಡಿಸಿದರೆ, ಸೋರುವ ಜಾಗಕ್ಕೆ ತಾಗಿದ ಕೂಡಲೇ ಸದ್ದು ಬದಲಾಗುತ್ತದೆ. ಇದಕ್ಕೆ ಉರಿಯುವ ಕ್ಲೀನರ್ ಬಳಸುವವರೂ ಇದ್ದಾರೆ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ನೀರೇ ಒಳ್ಳೆಯದು. 1967ರಲ್ಲಿ ಬಂದ, ಬ್ರಿಟಿಷ್ ಕಂಪನಿ ಅಮಲ್‌ನ ಕಾನ್ಸೆಂಟ್ರಿಕ್‌ನಂಥ ಮೃದು ಲೋಹದ ಕಾರ್ಬ್ಯುರೇಟರ್‌ಗಳಲ್ಲಿ ಫ್ಲ್ಯಾಂಜ್ ನಟ್‌ಗಳನ್ನು ಅತಿಯಾಗಿ ಬಿಗಿದು ಫ್ಲ್ಯಾಂಜ್ ಬಾಗಿರುತ್ತದೆ. ನೇರ ಪಟ್ಟಿಯನ್ನು ಅಡ್ಡ ಹಿಡಿದು ಬೆಳಕು ತೂರುತ್ತದೆಯೇ ನೋಡಬೇಕು. ಬಾಗಿದ್ದರೆ ಗಾಜಿನ ಮೇಲೆ ನುಣುಪು ಎಮರಿ ಕಾಗದ ಹರಡಿ ಸಮ ಮಾಡಬಹುದು.

ಇನ್ನು ಬಿಚ್ಚುವುದು. ಜಪಾನಿ ಕಾರ್ಬ್ಯುರೇಟರ್‌ಗಳ ಬೌಲ್ ಸ್ಕ್ರೂಗಳು ಫಿಲಿಪ್ಸ್‌ನಂತೆ ಕಂಡರೂ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಅದು ಮೇಲಕ್ಕೆ ಜಾರಿ ತಲೆಯನ್ನು ಕೊರೆದುಬಿಡುತ್ತದೆ. ಜೆಐಎಸ್ ಬಿಟ್ ಬಳಸಿ, ಗಟ್ಟಿಯಾಗಿದ್ದರೆ ಮೊದಲು ಮೇಲಿನಿಂದ ಹಗುರವಾಗಿ ಒಂದು ಏಟು ಕೊಟ್ಟು ತಿರುಗಿಸಬೇಕು. ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುನ್ನ ಅದನ್ನು ಒಳಕ್ಕೆ ತಿರುಗಿಸುತ್ತಾ, ಮೆಲ್ಲನೆ ತಾಗುವವರೆಗೆ ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಇಲ್ಲಿ ಬಲ ಹಾಕಿದರೆ ಅದರ ಸೂಜಿಮೊನೆ ತೂತಿನಲ್ಲೇ ಮುರಿದು ಸಿಕ್ಕಿಕೊಳ್ಳುತ್ತದೆ, ಆಗ ಇಡೀ ಕಾರ್ಬ್ಯುರೇಟರ್ ಕೈಬಿಟ್ಟಂತೆ. ಸ್ಕ್ರೂವಿನ ಜೊತೆ ಸ್ಪ್ರಿಂಗ್, ಸಣ್ಣ ವಾಷರ್, ಓ-ರಿಂಗ್ ಅದೇ ಕ್ರಮದಲ್ಲಿ ಇರುತ್ತವೆ, ಓ-ರಿಂಗ್ ಮೊನೆಯ ಕಡೆಗೆ. ಅದು ಹಳೆಯದಾಗಿ ಒಳಗೇ ಅಂಟಿಕೊಂಡಿದ್ದರೆ ಸ್ಕ್ರೂ ಪಕ್ಕದಿಂದಲೂ ಗಾಳಿ ಎಳೆಯುತ್ತದೆ. ಕ್ಲೀನರ್ ಸಿಂಪಡಿಸುವ ಮುನ್ನ ರಬ್ಬರ್ ಭಾಗಗಳನ್ನೆಲ್ಲ, ಮುಖ್ಯವಾಗಿ ಡಯಾಫ್ರಮ್ (ತೆಳು ರಬ್ಬರ್ ಪೊರೆ) ಇದ್ದರೆ ಅದನ್ನು, ಹೊರತೆಗೆಯಬೇಕು. ಕ್ಲೀನರ್ ತಗುಲಿದ ರಬ್ಬರ್ ಉಬ್ಬಿ ಮತ್ತೆ ತನ್ನ ಜಾಗದಲ್ಲಿ ಕೂರುವುದಿಲ್ಲ.

ಪೈಲಟ್ ಜೆಟ್‌ನ ತೂತು ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ಗಾಡಿ ತಿಂಗಳುಗಟ್ಟಲೆ ನಿಂತರೆ ಮೊದಲು ಕಟ್ಟಿಕೊಳ್ಳುವುದು ಇದೇ. 'ಚೋಕ್ ಹಾಕಿದರೆ ಮಾತ್ರ ಐಡ್ಲಿಂಗ್ ನಿಲ್ಲುತ್ತದೆ' ಎಂಬ ದೂರಿಗೂ ಹೆಚ್ಚಿನ ಸಲ ಇದೇ ಕಾರಣ. ಬೆಳಕಿಗೆ ಹಿಡಿದಾಗ ತೂತು ಪೂರ್ತಿ ದುಂಡಗೆ ಕಾಣಬೇಕು. ಚೂರು ಬೆಳಕು ಕಂಡಿತೆಂದು ಸಮಾಧಾನಪಟ್ಟರೆ ಸಾಲದು. ಉಕ್ಕಿನ ತಂತಿ ಹಾಕಬಾರದು, ಹಿತ್ತಾಳೆ ಅದಕ್ಕಿಂತ ಮೃದು, ತೂತು ಹಿಗ್ಗಿ ಜೆಟ್‌ನ ಮೇಲಿನ ನಂಬರ್ ಸುಳ್ಳಾಗುತ್ತದೆ. ವಿದ್ಯುತ್ ವೈರಿನೊಳಗಿನ ಒಂದು ತಾಮ್ರದ ಎಳೆ ಅಥವಾ ನೈಲಾನ್ ದಾರ ಸಾಕು. ಅಮಲ್ ಕಾನ್ಸೆಂಟ್ರಿಕ್‌ನ ಹಲವು ಆವೃತ್ತಿಗಳಲ್ಲಿ ಪೈಲಟ್ ಜೆಟ್ ಬಿಚ್ಚಲಾಗದಂತೆ ಒಳಗೇ ಒತ್ತಿ ಕೂರಿಸಿದ್ದಾರೆ. ಅದರ ತೂತು 0.016 ಇಂಚು, ಅಂದರೆ ಸುಮಾರು 0.4 ಮಿಲಿಮೀಟರ್. ಸ್ಕ್ರೂ ತೆಗೆದು ಆ ದಾರಿಯಲ್ಲೇ ಅಷ್ಟೇ ದಪ್ಪದ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ತೂರಿಸುವುದೊಂದೇ ದಾರಿ. ಜೆಟ್ ಸ್ವಚ್ಛವಾದರೂ ಬಾಡಿಯೊಳಗಿನ ದಾರಿಗಳು ಉಳಿದಿರುತ್ತವೆ. ಸ್ಪ್ರೇ ಕೊಳವೆಯನ್ನು ಪೈಲಟ್ ಜೆಟ್‌ನ ಜಾಗಕ್ಕೆ ಒತ್ತಿ ಹಿಡಿದಾಗ, ಗಂಟಲಲ್ಲಿ ಥ್ರಾಟಲ್ ಅಂಚಿನ ಬಳಿ ಇರುವ ಪ್ರತಿಯೊಂದು ಸಣ್ಣ ತೂತಿನಿಂದಲೂ ಕ್ಲೀನರ್ ಚಿಮ್ಮಬೇಕು. ಒಂದು ತೂತು ಮಂಕಾಗಿದ್ದರೂ ಕೆಲಸ ಮುಗಿದಿಲ್ಲ. ಕಣ್ಣಿಗೆ ಕನ್ನಡಕ ಕಡ್ಡಾಯ, ಯಾವ ತೂತಿನಿಂದ ಎತ್ತ ಚಿಮ್ಮುತ್ತದೆಂದು ಹೇಳಲಾಗದು.

ಚೋಕ್ ಎಂದು ಕರೆದರೂ ಹಲವು ಗಾಡಿಗಳಲ್ಲಿ ಇರುವುದು ಪ್ರತ್ಯೇಕ ಸ್ಟಾರ್ಟರ್ ದಾರಿ, ಅದನ್ನು ಮುಚ್ಚುವುದು ತುದಿಯಲ್ಲಿ ರಬ್ಬರ್ ಇರುವ ಒಂದು ಪ್ಲಂಜರ್. ಆ ರಬ್ಬರಿನಲ್ಲಿ ಕುಳಿ ಬಿದ್ದರೆ ಚೋಕ್ ತೆಗೆದ ಮೇಲೂ ಪೆಟ್ರೋಲ್ ಸೋರುತ್ತಲೇ ಇರುತ್ತದೆ. ಬಿಸಿಯಾದಂತೆ ಐಡ್ಲಿಂಗ್ ಕೆಡುವ, ಯಾವ ಸ್ಕ್ರೂಗೂ ಬಗ್ಗದ ರಿಚ್‌ಗೆ ಇದು ಆಗಾಗ ಕಾರಣ.

ಬೌಲ್‌ನ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್‌ನ ಮಟ್ಟಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಗುವುದಿಲ್ಲ. ಬೌಲ್‌ನಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಲ್ಲುತ್ತದೆಯೋ ಅದರ ಮೇಲೆ ಪ್ರತಿ ಜೆಟ್‌ನ ಹರಿವೂ ನಿಂತಿದೆ. ಅದು ತಪ್ಪಿದ್ದರೆ ಮುಂದಿನ ಯಾವ ಹೊಂದಾಣಿಕೆಗೂ ಅರ್ಥವಿಲ್ಲ. ಮಟ್ಟ ಹೆಚ್ಚಾದರೆ ಎಲ್ಲ ಕಡೆ ರಿಚ್, ಸೈಡ್ ಸ್ಟ್ಯಾಂಡ್ ಹಾಕಿದಾಗ ಓವರ್‌ಫ್ಲೋ. ಕಡಿಮೆಯಾದರೆ ದೀರ್ಘ ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಬೌಲ್ ಬರಿದಾಗಿ ಎಂಜಿನ್ ಸೊರಗುತ್ತದೆ. ಅಳೆಯುವಾಗ ಗ್ಯಾಸ್ಕೆಟ್ ತೆಗೆದು, ಕಾರ್ಬ್ಯುರೇಟರನ್ನು ಓರೆಯಾಗಿ ಹಿಡಿದು, ಫ್ಲೋಟ್‌ನ ನಾಲಿಗೆ ನೀಡಲ್ ವಾಲ್ವ್‌ಗೆ (ಬೌಲ್‌ಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಕವಾಟ) ಬರೀ ತಾಗಿರಬೇಕು. ವಾಲ್ವ್ ತುದಿಯ ಸಣ್ಣ ಸ್ಪ್ರಿಂಗ್ ಗುಂಡಿ ಒಳಕ್ಕೆ ಒತ್ತಿಹೋದರೆ ಅಳತೆ ತಪ್ಪುತ್ತದೆ. ಆಗ ಗ್ಯಾಸ್ಕೆಟ್ ಕೂರುವ ಮುಖದಿಂದ ಫ್ಲೋಟ್‌ನ ತುದಿಯವರೆಗೆ ಮ್ಯಾನುಯಲ್ ಹೇಳಿದ ಮಿಲಿಮೀಟರ್ ಬರಬೇಕು, ಬಾರದಿದ್ದರೆ ನಾಲಿಗೆಯನ್ನು ಕೂದಲೆಳೆಯಷ್ಟು ಬಾಗಿಸಬೇಕು. ಇದಕ್ಕಿಂತ ನನಗೆ ಹೆಚ್ಚು ನಂಬಿಕೆ ಪಾರದರ್ಶಕ ಕೊಳವೆಯ ಮೇಲೆ. ಬೌಲ್‌ನ ಡ್ರೈನ್‌ಗೆ ಕೊಳವೆ ಸಿಕ್ಕಿಸಿ, ಬಾಡಿಯ ಪಕ್ಕಕ್ಕೆ ನೇರ ಮೇಲೆ ಹಿಡಿದು, ಡ್ರೈನ್ ಸ್ಕ್ರೂ ಸಡಿಲಿಸಿದರೆ ನಿಜವಾದ ಪೆಟ್ರೋಲ್ ಮಟ್ಟವೇ ಕಣ್ಣಿಗೆ ಬೀಳುತ್ತದೆ. ನೀಡಲ್ ವಾಲ್ವ್‌ನ ಸವೆತ, ಫ್ಲೋಟ್‌ನ ತೂಕ ಎಲ್ಲವೂ ಆ ಮಟ್ಟದಲ್ಲೇ ಸೇರಿರುತ್ತವೆ. ಹಿತ್ತಾಳೆಯ ಫ್ಲೋಟ್ ಅನುಮಾನ ಹುಟ್ಟಿಸಿದರೆ ಕಿವಿಯ ಬಳಿ ಅಲುಗಿಸಿ, ಒಳಗೆ ಪೆಟ್ರೋಲ್ ತುಳುಕಿದರೆ ಅದು ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಬರುತ್ತದೆಂದು ಕಾಣುತ್ತದೆ.

ಸವೆತ ಹೆಚ್ಚು ಕಾಡುವ ಜಾಗ ನೀಡಲ್ ಜೆಟ್. ಎಂಜಿನ್ ಓಡಿದಷ್ಟು ಕಾಲವೂ ನೀಡಲ್ ಅದರ ಗೋಡೆಗೆ ತಟ್ಟುತ್ತಲೇ ಇರುತ್ತದೆ, ದುಂಡು ತೂತು ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಪರಿಣಾಮ, ಕಾಲು ಥ್ರಾಟಲ್ ಸುತ್ತ ರಿಚ್, ಮೈಲೇಜ್ ಇಳಿತ, ಪೂರ್ತಿ ಥ್ರಾಟಲ್‌ನಲ್ಲಿ ಮಾತ್ರ ಎಲ್ಲ ಸರಿ. ಇದಕ್ಕೆ ಮೇನ್ ಜೆಟ್ ಚಿಕ್ಕದು ಮಾಡುವುದು ತಪ್ಪು ಮದ್ದು. ನೀಡಲ್ ಮತ್ತು ನೀಡಲ್ ಜೆಟ್ ಎರಡನ್ನೂ ಜೊತೆಯಾಗಿ ಬದಲಿಸಬೇಕು. ಸ್ಲೈಡ್ ಸವೆದು ಬಾಡಿಯಲ್ಲಿ ಲೊಡಲೊಡ ಅಂದರೆ ಅದರ ಸುತ್ತಲಿಂದ ಗಾಳಿ ನುಸುಳಿ ಐಡ್ಲಿಂಗ್ ಅಸ್ಥಿರವಾಗುತ್ತದೆ.

ಜೆಟ್ ಕೊಳ್ಳುವಾಗ ಒಂದು ಎಚ್ಚರ. ಮಿಕುನಿ, ಕೀಹಿನ್ ಎರಡೂ ಜಪಾನಿನ ಕಾರ್ಬ್ಯುರೇಟರ್ ಕಂಪನಿಗಳು. ಮಿಕುನಿಯ ಷಟ್ಕೋನ ತಲೆಯ ಮೇನ್ ಜೆಟ್‌ಗಳ ಮೇಲಿನ ನಂಬರ್ ಹರಿವಿನ ಲೆಕ್ಕ, ಕೀಹಿನ್ ಜೆಟ್‌ಗಳದು ತೂತಿನ ವ್ಯಾಸ, ಮಿಲಿಮೀಟರ್‌ನ ನೂರನೇ ಭಾಗದಲ್ಲಿ. ಎರಡರ ಮೇಲೂ 110 ಎಂದಿದ್ದರೂ ಅವು ಒಂದೇ ಅಲ್ಲ.

ಇಷ್ಟೆಲ್ಲ ಸರಿಯಾದ ಮೇಲೆ, ಮೂಲ ಜೆಟ್‌ಗಳೊಂದಿಗೆ ಓಡಿಸಿ ನೋಡುವ ಹೊತ್ತು. ಮೇಲಿನಿಂದ ಕೆಳಕ್ಕೆ ಬರಬೇಕು: ಮೊದಲು ಮೇನ್ ಜೆಟ್, ಆಮೇಲೆ ನೀಡಲ್, ಕಡೆಗೆ ಪೈಲಟ್. ನೀಡಲ್‌ಗೆ ಪೆಟ್ರೋಲ್ ಬರುವುದೇ ಮೇನ್ ಜೆಟ್ ದಾಟಿ, ಆದ್ದರಿಂದ ಮೇನ್ ಬದಲಿಸಿದರೆ ಕೆಳಗಿನದೂ ಚೂರು ಅಲುಗುತ್ತದೆ. ಮೇನ್ ಜೆಟ್ ಪರೀಕ್ಷೆಗೆ ಹೊಸ ಪ್ಲಗ್ ಹಾಕಿ, ವಾಹನಗಳಿಲ್ಲದ ಸುರಕ್ಷಿತ ಜಾಗದಲ್ಲಿ ಮೇಲಿನ ಗೇರಿನಲ್ಲಿ ಪೂರ್ತಿ ಥ್ರಾಟಲ್ ಹಿಡಿದು, ಕ್ಲಚ್ ಒತ್ತಿ ಅದೇ ಕ್ಷಣ ಎಂಜಿನ್ ಆಫ್ ಮಾಡಿ ನಿಲ್ಲಿಸಬೇಕು. ಐಡ್ಲಿಂಗ್‌ನಲ್ಲಿ ಓಡಿಸಿ ಮನೆಗೆ ತಂದರೆ ಪ್ಲಗ್ ಹೇಳುವುದು ಪೈಲಟ್ ಜೆಟ್‌ನ ಕಥೆ. ನೋಡಬೇಕಾದದ್ದು ಪಿಂಗಾಣಿಯ ತುದಿಯನ್ನಲ್ಲ, ಅದು ಲೋಹದೊಳಗೆ ಇಳಿಯುವ ಬುಡದ ಉಂಗುರವನ್ನು. ಅಲ್ಲಿ ತೆಳು ಕಂದು ವರ್ತುಲ ಸರಿ, ಅಚ್ಚ ಬಿಳಿ ಲೀನ್, ಮಸಿ ರಿಚ್. ಇಂದಿನ ಸೀಸರಹಿತ ಪೆಟ್ರೋಲಿನಲ್ಲಿ ಬಣ್ಣ ಮಂಕಾಗಿಯೇ ಬರುತ್ತದೆ, ಹಾಗಾಗಿ ಎಂಜಿನ್ ಎಳೆಯುವ ರೀತಿಯನ್ನೂ ಜೊತೆಗೆ ಕೇಳಿಸಿಕೊಳ್ಳಬೇಕು. ಪೂರ್ತಿ ಥ್ರಾಟಲ್‌ನಿಂದ ಸ್ವಲ್ಪ ಹಿಂದಕ್ಕೆ ಬಿಟ್ಟಾಗ ಗಾಡಿ ಇನ್ನೂ ಚುರುಕಾದರೆ ಮೇನ್ ಲೀನ್ ಇರಬಹುದು. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಯಾವಾಗಲೂ ದೊಡ್ಡ ಜೆಟ್‌ನಿಂದ ಶುರುಮಾಡಿ ಕೆಳಗಿಳಿಯಬೇಕು. ಅಲ್ಲಿ ಹಲವು ಗಾಡಿಗಳಲ್ಲಿ ಆಯಿಲ್ ಬರುವುದೂ ಇಂಧನದೊಂದಿಗೇ ಆದ್ದರಿಂದ ಲೀನ್ ಮಿಶ್ರಣ ಪಿಸ್ಟನ್ ಹಿಡಿದುಕೊಳ್ಳುವವರೆಗೂ ಒಯ್ಯಬಲ್ಲದು.

ನೀಡಲ್‌ನ ಮೇಲ್ತುದಿಯ ತೋಡುಗಳಲ್ಲಿ (ಗ್ರೂವ್) ಒಂದರಲ್ಲಿ ಕ್ಲಿಪ್ ಇರುತ್ತದೆ. ಕ್ಲಿಪ್ ಕೆಳಗಿನ ತೋಡಿಗೆ ಹೋದರೆ ನೀಡಲ್ ಮೇಲೇಳುತ್ತದೆ, ಮಿಶ್ರಣ ರಿಚ್. ಕ್ಲಿಪ್ ಮೇಲಕ್ಕೆ ಹೋದರೆ ಲೀನ್. ಒಂದು ಸಲಕ್ಕೆ ಒಂದೇ ತೋಡು. ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬ್ಯುರೇಟರ್‌ಗಳ ನೀಡಲ್‌ಗೆ ಹಲವೊಮ್ಮೆ ತೋಡುಗಳೇ ಇರುವುದಿಲ್ಲ, ಅಲ್ಲಿ ಅರ್ಧ ಮಿಲಿಮೀಟರ್ ದಪ್ಪದ ವಾಷರ್ ಇಟ್ಟು ಏರಿಸುತ್ತಾರೆ. ಸಿವಿಯಲ್ಲಿ ಕೈ ತಿರುಗಿಸುವುದು ಚಿಟ್ಟೆಯಾಕಾರದ ತಟ್ಟೆಯನ್ನು, ಸ್ಲೈಡನ್ನು ಎತ್ತುವುದು ಡಯಾಫ್ರಮ್ ಮೇಲಿನ ನಿರ್ವಾತ. ಡಯಾಫ್ರಮನ್ನು ಬೆಳಕಿಗೆ ಹಿಡಿದು ಹಿಗ್ಗಿಸಿ ನೋಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಅಷ್ಟು ಸಾಕು, ಸ್ಲೈಡ್ ಪೂರ್ತಿ ಏರದೆ ಎಂಜಿನ್ ಒಂದು ಹಂತದ ಮೇಲೆ ಎಳೆಯುವುದನ್ನೇ ನಿಲ್ಲಿಸುತ್ತದೆ. ಮೂಲ ಏರ್ ಬಾಕ್ಸ್ ತೆಗೆದು ಬಿಡಿ ಫಿಲ್ಟರ್ ಸಿಕ್ಕಿಸಿದರೆ ಈ ಬಗೆಯ ಕಾರ್ಬ್ಯುರೇಟರ್‌ಗಳಿಗೆ ಸಮತೋಲ ಸಿಗುವುದೇ ಕಷ್ಟ. ಏರ್ ಬಾಕ್ಸ್ ಮರಳಿ ಹಾಕುವುದೇ ಉತ್ತಮ ಟ್ಯೂನಿಂಗ್ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಒಂದಕ್ಕಿಂತ ಹೆಚ್ಚು ಕಾರ್ಬ್ಯುರೇಟರ್ ಇದ್ದರೆ ಐಡ್ಲಿಂಗ್ ಮಿಶ್ರಣಕ್ಕೆ ಮೊದಲು ಅವು ಒಟ್ಟಾಗಿ ತೆರೆಯಬೇಕು. 1969ರ ಹೋಂಡಾ ಸಿಬಿ750ರ ಮೊದಮೊದಲ ಗಾಡಿಗಳಲ್ಲಿ ನಾಲ್ಕು ಕೀಹಿನ್‌ಗಳಿಗೆ ನಾಲ್ಕು ಕೇಬಲ್ ಇದ್ದವು, ಬೇಗನೆ ಹೋಂಡಾ ಅವನ್ನು ತೆಗೆದು ಒಂದೇ ಲಿಂಕೇಜ್‌ಗೆ ಬದಲಿಸಿತು. ಕೇಬಲ್‌ಗಳು ಸಮನಾಗಿ ಹಿಗ್ಗುವುದಿಲ್ಲ. ಕೇಬಲ್ ಇರುವ ಜೋಡಿ ಸಿಲಿಂಡರ್ ಗಾಡಿಯಲ್ಲಿ ಫಿಲ್ಟರ್ ಕಡೆಯಿಂದ ಬೆರಳಿಟ್ಟು, ಥ್ರಾಟಲ್ ಮೆಲ್ಲನೆ ತಿರುವಿದಾಗ ಎರಡೂ ಸ್ಲೈಡ್ ಒಂದೇ ಕ್ಷಣ ಏಳುತ್ತವೆಯೇ ಎಂದು ನೋಡಬೇಕು. ನಿರ್ವಾತ ಅಳೆಯುವ ಗೇಜ್‌ಗಳಿದ್ದರೆ ಎಂಜಿನ್ ಬಿಸಿ ಮಾಡಿ, ಮ್ಯಾನಿಫೋಲ್ಡ್‌ನ ನಿಪ್ಪಲ್‌ಗಳಿಗೆ ಸಿಕ್ಕಿಸಿ, ನಾಲ್ಕು ಸಿಲಿಂಡರ್ ಆದರೆ ಒಂದನ್ನು ಎರಡಕ್ಕೆ, ನಾಲ್ಕನ್ನು ಮೂರಕ್ಕೆ ಹೊಂದಿಸಿ, ಕೊನೆಗೆ ಈ ಎರಡು ಜೋಡಿಗಳನ್ನು ನಡುವಿನ ಸ್ಕ್ರೂವಿನಿಂದ ಸರಿದೂಗಿಸಬೇಕು. ಪ್ರತಿ ತಿರುವಿನ ನಂತರ ಥ್ರಾಟಲನ್ನು ಒಮ್ಮೆ ಎಗರಿಸಿ ಬಿಟ್ಟು, ಲಿಂಕೇಜ್ ಕೂತ ಮೇಲೆಯೇ ಓದಬೇಕು. ಗೇಜ್ ಇಲ್ಲದಿದ್ದರೆ, ಜೋಡಿ ಸಿಲಿಂಡರ್‌ಗೆ ಉದ್ದನೆಯ ಪಾರದರ್ಶಕ ಕೊಳವೆಯನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಕೆಳಭಾಗದಲ್ಲಿ ಟೂ-ಸ್ಟ್ರೋಕ್ ಆಯಿಲ್ ತುಂಬಿದರೆ ಸಾಕು. ಇಂಥ ಅಳತೆಗೆ ಬಳಸುವ ಪಾದರಸ ಆಯಿಲ್‌ಗಿಂತ ಸುಮಾರು 15 ಪಟ್ಟು ಭಾರ, ಆದ್ದರಿಂದ ಪಾದರಸದಲ್ಲಿ 1 ಮಿಲಿಮೀಟರ್ ಕಾಣುವ ವ್ಯತ್ಯಾಸ ಇಲ್ಲಿ 15 ಮಿಲಿಮೀಟರ್ ಆಗಿ ಕಾಣುತ್ತದೆ. ಆಯಿಲ್ ಯಾವ ಸಿಲಿಂಡರ್ ಕಡೆ ಏರುತ್ತದೆಯೋ ಅದರ ಥ್ರಾಟಲ್ ಹೆಚ್ಚು ಮುಚ್ಚಿದೆ, ಅದನ್ನು ಚೂರು ತೆರೆಯಬೇಕು. ಏರ್ ಕೂಲ್ಡ್ ಎಂಜಿನ್ ನಿಂತಲ್ಲೇ ಓಡುವಾಗ ಎದುರಿಗೆ ದೊಡ್ಡ ಫ್ಯಾನ್ ಬೇಕು, ಬಾಗಿಲು ಕಿಟಕಿ ತೆರೆದಿರಬೇಕು.

ಈಗ ಬಂತು ಆ ಸ್ಕ್ರೂವಿನ ಸರದಿ. ಅದು ಯಾವ ಕಡೆ ಇದೆ ಎಂದು ಮೊದಲು ನೋಡಬೇಕು. ಸ್ಲೈಡ್‌ಗಿಂತ ಹಿಂದೆ, ಏರ್ ಫಿಲ್ಟರ್ ಕಡೆ ಇದ್ದರೆ ಅದು ಏರ್ ಸ್ಕ್ರೂ: ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ರಿಚ್. ಎಂಜಿನ್ ಕಡೆ ಇದ್ದರೆ ಅದು ಹರಿಬಿಡುವುದು ಪೆಟ್ರೋಲ್ ಬೆರೆತ ಮಿಶ್ರಣವನ್ನು: ಹೊರಕ್ಕೆ ತಿರುಗಿಸಿದರೆ ರಿಚ್. ಇದನ್ನು ತಿರುವುಮುರುವಾಗಿ ತಿಳಿದರೆ ಪ್ರತಿ ಹೊಂದಾಣಿಕೆಯೂ ತೊಂದರೆಯನ್ನು ಹೆಚ್ಚಿಸುತ್ತದೆ. ಎಂಜಿನ್ ಹತ್ತು ಹದಿನೈದು ನಿಮಿಷ ರಸ್ತೆಯಲ್ಲಿ ಓಡಿ ಪೂರ್ತಿ ಬಿಸಿಯಾಗಿರಬೇಕು. ಎಂಜಿನ್ ಆಫ್ ಆಗದಷ್ಟು ಐಡ್ಲಿಂಗ್ ಸ್ವಲ್ಪ ಏರಿಸಿ, ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ, ಪ್ರತಿ ಸಲ ಕೆಲವು ಸೆಕೆಂಡು ಕಾಯಬೇಕು. ಒಂದು ಕಡೆ ತಿರುಗಿಸಿದಾಗ ಸದ್ದು ಇಳಿಯುತ್ತದೆ, ಇನ್ನೊಂದು ಕಡೆಗೂ ಇಳಿಯುತ್ತದೆ, ನಡುವೆ ಆರ್‌ಪಿಎಂ ಅತಿ ಹೆಚ್ಚಿರುವ ಜಾಗವೇ ಸರಿಯಾದದ್ದು. ಐಡ್ಲಿಂಗ್ ಇಳಿಸಿ ಇನ್ನೊಮ್ಮೆ ಮಾಡಿದರೆ ಆ ಜಾಗ ಇನ್ನಷ್ಟು ಖಚಿತವಾಗುತ್ತದೆ.

ಆ ಜಾಗ ಎಷ್ಟು ಸುತ್ತಿನಲ್ಲಿ ಸಿಕ್ಕಿತು ಎಂಬುದೂ ಮಾಹಿತಿಯೇ. ಏರ್ ಸ್ಕ್ರೂ ಒಂದು ಸುತ್ತಿಗಿಂತ ಕಡಿಮೆ ತೆರೆದಿದ್ದಾಗಲೇ ಚೆನ್ನಾಗಿ ಓಡಿದರೆ ಪೈಲಟ್ ಜೆಟ್ ಸಾಲುತ್ತಿಲ್ಲ, ಅಥವಾ ಇನ್ನೂ ಕಟ್ಟಿದೆ. ಎರಡೂವರೆ ಸುತ್ತು ದಾಟಿದರೆ ಜೆಟ್ ದೊಡ್ಡದಾಯಿತು. ಎಂಜಿನ್ ಕಡೆಯ ಸ್ಕ್ರೂ ಆದರೆ ಇದೇ ತರ್ಕ ತಲೆಕೆಳಗು. ಸ್ಕ್ರೂ ತಿರುಗಿಸಿದರೂ ಏನೂ ಬದಲಾಗದಿದ್ದರೆ ದಾರಿ ಕಟ್ಟಿದೆ, ಅಥವಾ ಐಡ್ಲಿಂಗ್ ಸ್ಕ್ರೂ ಥ್ರಾಟಲನ್ನು ಎಷ್ಟು ಎತ್ತಿ ಹಿಡಿದಿದೆಯೆಂದರೆ ಪೈಲಟ್ ದಾರಿಯ ಮಾತೇ ನಡೆಯುತ್ತಿಲ್ಲ. ಥ್ರಾಟಲ್ ಎಗರಿಸಿ ಬಿಟ್ಟಾಗ ಆರ್‌ಪಿಎಂ ಐಡ್ಲಿಂಗ್‌ಗಿಂತ ಕೆಳಗೆ ಮುಳುಗಿ ಮೇಲೆ ಬಂದರೆ ಇನ್ನೂ ರಿಚ್, ಮೇಲೆಯೇ ನೇತಾಡಿದರೆ ಇನ್ನೂ ಲೀನ್.

ಸರಿಯಾದ ಹೊಂದಾಣಿಕೆ ಸಿಕ್ಕ ದಿನದ ಸೆಖೆ, ಊರಿನ ಎತ್ತರ ಎರಡನ್ನೂ ಜೆಟ್ ನಂಬರ್ ಜೊತೆ ಬರೆದಿಡಬೇಕು. 1000 ಮೀಟರ್ ಮೇಲೇರಿದರೆ ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಇಳಿಯುತ್ತದೆ. ತೆಳುಗಾಳಿ ಜೆಟ್‌ನಿಂದ ಎಳೆಯುವ ಪೆಟ್ರೋಲೂ ಸ್ವಲ್ಪ ಕಡಿಮೆಯಾದ್ದರಿಂದ ಮಿಶ್ರಣ ರಿಚ್ ಆಗುವುದು ಅದರ ಅರ್ಧದಷ್ಟು ಮಾತ್ರ. ಒಂದು ದಿನ ಬೆಟ್ಟ ಹತ್ತಿ ಇಳಿಯುವುದಕ್ಕೆ ಜೆಟ್ ಬದಲಿಸುವ ಅಗತ್ಯವಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಇದಕ್ಕೆ ವಿರುದ್ಧ ದಿಕ್ಕಿಗೆ ಎಳೆಯುತ್ತದೆ: ಎಥನಾಲ್‌ಗೆ ತೂಕದಲ್ಲಿ 9 ಭಾಗ ಗಾಳಿ ಸಾಕು, ಹಾಗಾಗಿ ಶೇಕಡಾ 10 ಬೆರೆತಾಗ ಬೇಕಾದ ಅನುಪಾತ ಸುಮಾರು 14.1ಕ್ಕೆ ಇಳಿಯುತ್ತದೆ, ಅದೇ ಜೆಟ್‌ನಲ್ಲಿ ಎಂಜಿನ್ ತುಸು ಲೀನ್ ಓಡುತ್ತದೆ. ಮೊದಲೇ ಅಂಚಿನಲ್ಲಿದ್ದ ಪೈಲಟ್ ಜೆಟ್‌ಗೆ ಆಗ ಒಂದು ನಂಬರ್ ಮೇಲಿನದು ಬೇಕಾಗಬಹುದು. ಎಥನಾಲ್ ತೇವಾಂಶವನ್ನೂ ಹೀರುತ್ತದೆ. ಮಿತಿ ಮೀರಿದಾಗ ನೀರು ಸೇರಿದ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ಬೌಲ್‌ನ ತಳಕ್ಕೆ, ಜೆಟ್‌ಗಳು ಮುಳುಗಿರುವಲ್ಲಿಗೇ, ಇಳಿಯುತ್ತದೆ. ಗಾಡಿ ಕೆಲವು ವಾರ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಣ್ಣಗಾದ ಮೇಲೆ ಡ್ರೈನ್ ಸ್ಕ್ರೂ ಸಡಿಲಿಸಿ ಬೌಲ್ ಖಾಲಿ ಮಾಡಬೇಕು. ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಸಾಲದು, ಜೆಟ್ ಮಟ್ಟದ ಕೆಳಗೆ ಉಳಿಯುವ ಆ ಕೊನೆಯ ಪೆಟ್ರೋಲೇ ಒಣಗಿ ಅಂಟಾಗುವುದು.